ಲಾಭ

ಸಾಸಿವೆಯೊಳಗಿನ ದತ್ತೂರಿ ಬೀಜ ಹುಡುಕುವುದು
ಮೊದಲು ಕಣ್ಣಿನ ಕೆಲಸವಲ್ಲ, ಮಣಿಕಟ್ಟಿನದು.
ಬಿಳಿ ತಟ್ಟೆಯನ್ನು ಒಂದಿಷ್ಟೇ ವಾಲಿಸಬೇಕು.
ಸಾಸಿವೆ ಹಿಂದೆಮುಂದೆ ನೋಡದೆ ಉರುಳುತ್ತದೆ.
ಇದು ಒಂದು ಗಳಿಗೆ ಯೋಚಿಸುತ್ತದೆ.
ಆ ಗಳಿಗೆಯಲ್ಲಿ ಚಿಮಟ ಇಳಿಯಬೇಕು.

ಹೀಗಂತ ಕಲಿಸಿದವರು ಭಿಡೆ ಬಾಯಿ,
ಶಿವಾಜಿನಗರದ ಲ್ಯಾಬಿನ ಎರಡನೇ ಮಹಡಿಯಲ್ಲಿ.
ಕಿಟಕಿಯಾಚೆ ಲೋಕಲ್ ಹೊರಟಾಗೆಲ್ಲ
ತಟ್ಟೆಯ ಕಾಳು ಸಣ್ಣಗೆ ನಡುಗುತ್ತಿತ್ತು.
"ಲೊಣಾವಳಾ ಹೋಗಲಿ, ತಡಿ" ಅನ್ನುತ್ತಿದ್ದರು,
ಚಿಮಟ ಗಾಳಿಯಲ್ಲೇ ಹಿಡಿದು.

ಆಮೇಲೆ ಭೂತಗನ್ನಡಿ.
ಸಾಸಿವೆಯ ಮೈ ನುಣುಪು, ಹೇಳಿಕೊಳ್ಳುವಂಥದ್ದೇನಿಲ್ಲ.
ದತ್ತೂರಿಗೆ ಮೈತುಂಬ ಬಲೆ,
ಸಾಲು ಸಾಲು ಗುಳಿ, ಯಾರೋ ಪುರುಸೊತ್ತಿನಲ್ಲಿ ಕೂತು ಹೆಣೆದ ಹಾಗೆ,
ಒಂದು ಬದಿಗೆ ಏಣು, ತುದಿಗೊಂದು ಮೊಂಡು ಕೊಕ್ಕು.
ಚೆಲುವೇನಿದ್ದರೂ ಇದರದೇ, ಒಪ್ಪಿಕೊಳ್ಳಬೇಕು.
ಇನ್ನೂ ಅನುಮಾನವೆ? ಉಗುರಲ್ಲಿ ಒತ್ತು:
ಸಾಸಿವೆ ಒಡೆದರೆ ಹಳದಿ,
ಇದು ಒಡೆದರೆ ಬಿಳಿ.
ಹೂವು ಹಳದಿ, ಮುರಿದ ಕಾಂಡದ ಹಾಲು ಹಳದಿ,
ಬೀಜದೊಳಗೆ ಮಾತ್ರ ಏನೂ ಅರಿಯದ ಬಿಳಿ.

ನಮ್ಮ ಕಪಾಟಿನಲ್ಲಿ ಹೆಸರಿರುವುದು ಕಳೆಗಳಿಗೆ.
ಗೋಧಿ, ಹುರುಳಿ, ಸಜ್ಜೆ ಪರೀಕ್ಷೆ ಮುಗಿದರೆ ಚೀಲಕ್ಕೆ,
ಚೀಲದಿಂದ ತಾರಸಿಯ ಪಾರಿವಾಳಕ್ಕೆ.
ಕಳೆಬೀಜಕ್ಕೆ ಗಾಜಿನ ಸೀಸೆ, ಬಿರಡೆ, ಚೀಟಿ,
ಸಿಕ್ಕ ಜಾಗ, ಸಿಕ್ಕ ತಿಂಗಳು.
ಬಾಯಿಯ ಅಕ್ಷರ: ಪಿವಳಾ ಧೋತ್ರಾ. ಮುಠಾ ದಂಡೆ,
ಓಂಕಾರೇಶ್ವರದ ಹಿಂದೆ. ಚೈತ್ರ.
ಅವರು ನಿವೃತ್ತರಾದ ವರ್ಷ ಅದರ ಕೆಳಗೆ
ಪೆನ್ಸಿಲಿನಲ್ಲಿ ಸೇರಿಸಿದೆ: ಅರಿಶಿನ ದತ್ತೂರಿ.
ಯಾರೂ ಆಕ್ಷೇಪಿಸಲಿಲ್ಲ. ಯಾರಿಗೂ ಓದಲು ಬರುವುದಿಲ್ಲ.

ಮೊನ್ನೆ ವಾಘೋಲಿಯಿಂದ ಒಬ್ಬಳು ಬಂದಳು.
ಕಟ್ಟಡ ಕೆಲಸದವಳು, ಪೂರ್ಣಿಯಾ ಕಡೆಯವಳು,
ಹೆಸರು ಸೋನಮತಿ.
ರಸೀದಿಯಿಲ್ಲ, ಅರಗಿನ ಮುದ್ರೆಯಿಲ್ಲ, ಇನ್‌ಸ್ಪೆಕ್ಟರನ ಸಹಿಯಿಲ್ಲ.
ಸೆರಗಿನ ಗಂಟಲ್ಲಿ ಎರಡು ಹಿಡಿ ಸಾಸಿವೆ.
ಗುತ್ತಿಗೆದಾರ ಅಗ್ಗಕ್ಕೆ ಕೊಡಿಸಿದ ಚೀಲ,
ಗಾಣಕ್ಕೆ ಹಾಕಿಸಿ ಉಳಿದದ್ದು ಇಷ್ಟು.
ಶೆಡ್ಡಿನಲ್ಲಿ ಮೂವರ ಕಾಲು ಬಾತಿದೆ, ಅಂದಳು,
ಬೆರಳಿಟ್ಟರೆ ಗುಳಿ ಬೀಳುತ್ತದೆ, ಗುಳಿ ಹಾಗೇ ಇರುತ್ತದೆ.
ಒತ್ತಿ ತೋರಿಸಿದ್ದು ತನ್ನ ಕಾಲನ್ನು.
ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಿಯಮದ ಪ್ರಕಾರ ನಾನು ಮುಟ್ಟುವ ಹಾಗಿಲ್ಲ.
ತಟ್ಟೆ ತಂದೆ. ದೀಪ ಹಾಕಿದೆ.
ಸ್ಟೂಲು ಬೇಡವೆಂದು ನೆಲದಲ್ಲಿ ಕೂತವಳು
ತಟ್ಟೆ ಬಿಟ್ಟು ನನ್ನ ಮುಖವನ್ನೇ ನೋಡಿದಳು.
ವಾಲಿಸಿದೆ.
ಓಡಿದವು. ಒಂದು ನಿಂತಿತು.

ಘೋರ್ಪಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವ್ವ
ತಿಂಗಳ ಜೋಳ ಅಳೆಯುವಾಗ
ಮೊದಲ ಸೇರಿಗೆ ಒಂದು ಅಂದವಳಲ್ಲ.
ಲಾಭ, ಅನ್ನುತ್ತಿದ್ದಳು. ಲಾಭ, ಎರಡು, ಮೂರು.
ಈ ಊರಲ್ಲಿ ಎಲ್ಲವನ್ನೂ ಮರಾಠಿಯಲ್ಲಿ ಮಾಡುತ್ತೇನೆ,
ಜಗಳ, ಚೌಕಾಸಿ, ರಜೆಯ ಅರ್ಜಿ, ಈಚೀಚೆಗೆ ಕನಸನ್ನೂ.
ಎಣಿಕೆಯೊಂದು ಅವ್ವನದು ಉಳಿದುಬಿಟ್ಟಿದೆ.
ಚಿಮಟ ಬೀಜ ಎತ್ತಿತು, ನಾಲಿಗೆ ತಡೆಯಲಿಲ್ಲ:
ಲಾಭ.

ಆ ಮಾತು ಅವಳಿಗೂ ಗೊತ್ತಿತ್ತು.
"ಯಾರಿಗೆ?" ಅಂದಳು.

ಎರಡು. ಮೂರು. ನಾಲ್ಕು.
ಇಪ್ಪತ್ತಮೂರಕ್ಕೆ ನಿಲ್ಲಿಸಿದೆ, ಮುಗಿದಿತ್ತೆಂದಲ್ಲ.
ಎಣ್ಣೆ ಚೆಲ್ಲಿಬಿಡು, ಎಲ್ಲರಿಗೂ ಹೇಳು,
ಈಗಲೇ ಸಸೂನಿಗೆ ಹೋಗು ಅಂದೆ, ಮತ್ತೆ
ಕಾಗದವೆಂದು ಕೊಟ್ಟದ್ದು ಒಂದು ಫೋನ್ ನಂಬರು.
ಇಪ್ಪತ್ತಮೂರನ್ನೂ ಕೇಳಿ ಪಡೆದಳು,
ಸೆರಗಿನ ಇನ್ನೊಂದು ತುದಿಗೆ ಬೇರೆ ಗಂಟು ಹಾಕಿದಳು.
ಗುತ್ತಿಗೆದಾರನ ಮುಂದೆ ಬಿಚ್ಚುತ್ತಾಳಂತೆ.

ಉಳಿದ ಒಂದಿಷ್ಟು ಕಾಳನ್ನು ಅಂಗೈಗೆ ಸುರಿದುಕೊಂಡು
ವಾಲಿಸಿ ವಾಲಿಸಿ ನೋಡುತ್ತ ಮೆಟ್ಟಿಲಿಳಿದಳು,
ಒಂದೊಂದು ಮೆಟ್ಟಿಲಿಗೂ ಒಂದು ಗಳಿಗೆ ನಿಂತು.